ಲ್ಯಾಟಿನೋ ಗಂಡಸರಿಗೆ ಪ್ರೆಪ್ ತಲುಪಿಸಬೇಕು, ಯಾರ ಜೊತೆ ಸೇರಿ ಕೆಲಸ ಮಾಡಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಒಂಬತ್ತು ವರ್ಷದಿಂದ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಶಾರ್ಲೆಟ್ ಹತ್ತಿರ ಇದ್ದೇನೆ. ಒಂದು ಚಿಕ್ಕ ಸಮುದಾಯ ಕ್ಲಿನಿಕ್‌ನಲ್ಲಿ ಎಚ್‌ಐವಿ ತಡೆಯುವ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿ ಡಾಕ್ಟರು, ನರ್ಸು, ಫಾರ್ಮಸಿಯವರು ತುಂಬಾ ಜನ ಇದ್ದೀರಿ, ಊರಲ್ಲಿ ಇದೇ ಕೆಲಸ ಮಾಡಿದವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಪ್ರೆಪ್ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಎಚ್‌ಐವಿ ಇಲ್ಲದವರು ಅದು ತಗಲದ ಹಾಗೆ ಮುಂಚೆಯೇ ತೆಗೆದುಕೊಳ್ಳುವ ಔಷಧಿ ಇದು. ಇಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಹೇಳಿದ ಹಾಗೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಸೋಂಕು ಬರುವುದನ್ನು ಸುಮಾರು 99% ತಡೆಯುತ್ತದೆ. ಔಷಧಿ ಇದೆ, ಕೆಲಸ ಮಾಡುತ್ತದೆ, ಆದರೆ ಬೇಕಾದವರ ಕೈಗೆ ಸೇರುತ್ತಿಲ್ಲ. ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರ 2022ರ ಲೆಕ್ಕದಲ್ಲಿ, ಪ್ರೆಪ್‌ನಿಂದ ಉಪಯೋಗ ಆಗಬಹುದಾದ ಬಿಳಿಯರಲ್ಲಿ 94% ಜನರಿಗೆ ಅದು ಸಿಕ್ಕಿತ್ತು. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರಲ್ಲಿ 24%. ಕಪ್ಪು ಜನರಲ್ಲಿ ಬರೀ 13%. ಅದೇ ವರ್ಷ ದೇಶದಲ್ಲಿ ಹೊಸದಾಗಿ ಸೋಂಕು ತಗಲಿದ ಪ್ರತಿ ಮೂವರಲ್ಲಿ ಒಬ್ಬರು ಲ್ಯಾಟಿನೋ, ಜನಸಂಖ್ಯೆಯಲ್ಲಿ ಅವರ ಪಾಲು 19% ಅಷ್ಟೇ. ಅವರಲ್ಲಿ ಬಹಳಷ್ಟು ಮಂದಿ ಗಂಡಸರ ಜೊತೆ ಸಂಬಂಧ ಇರುವ ಗಂಡಸರು.

ಇನ್ನೊಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಈ ಮಾತ್ರೆ ಕೆಲಸ ಮಾಡುತ್ತದೆ ಅಂತ ಮೊದಲು ತೋರಿಸಿದ ದೊಡ್ಡ ಪ್ರಯೋಗ 2010ರಲ್ಲಿ ಬಂದ ಐಪ್ರೆಕ್ಸ್. ಅದರಲ್ಲಿ ಸೇರಿದ 2,499 ಜನರಲ್ಲಿ ಜಾಸ್ತಿ ಮಂದಿ ಪೆರು, ಎಕ್ವಡಾರ್, ಬ್ರೆಜಿಲ್‌ನವರು. ಲಿಮಾದ, ಗ್ವಾಯಾಕಿಲ್‌ನ ಹುಡುಗರು ತಿಂಗಳು ತಿಂಗಳು ಬಂದು ರಕ್ತ ಕೊಟ್ಟಿದ್ದರಿಂದ ಇದು ಜಗತ್ತಿಗೆ ಸಿಕ್ಕಿತು. ಅವರದೇ ಭಾಷೆ ಮಾತಾಡುವ ಹುಡುಗರು ಇವತ್ತು ನಮ್ಮ ಕ್ಲಿನಿಕ್ ಬಾಗಿಲು ದಾಟುತ್ತಿಲ್ಲ.

ನಾವು ಏನು ಮಾಡಿದೆವು ಅಂದರೆ, ಸ್ಪ್ಯಾನಿಷ್ ಪೂಜೆ ನಡೆಯುವ ಒಂದು ಚರ್ಚ್ ಹೊರಗೆ ಭಾನುವಾರ ಟೇಬಲ್ ಹಾಕಿದೆವು. ಒಂದು ಮೆಕ್ಸಿಕನ್ ಅಂಗಡಿಯ ಪಾರ್ಕಿಂಗ್‌ನಲ್ಲಿ ವ್ಯಾನ್ ನಿಲ್ಲಿಸಿದೆವು. ಸ್ಪ್ಯಾನಿಷ್‌ನಲ್ಲಿ ಕರಪತ್ರ, ಟೀ ಶರ್ಟ್, ನೀರಿನ ಬಾಟಲಿ, ಎಲ್ಲ ಇತ್ತು. ನಾಲ್ಕು ತಿಂಗಳಲ್ಲಿ ಟೆಸ್ಟ್ ಮಾಡಿಸಿದವರು 11 ಜನ. ಪ್ರೆಪ್ ಶುರು ಮಾಡಿದವರು ಇಬ್ಬರು.

ಒಂದು ದಿನ ಸುಣ್ಣ, ಸಿಮೆಂಟಿನ ಕಲೆ ಇದ್ದ ಬೂಟು ಹಾಕಿಕೊಂಡು ಒಬ್ಬ ಬಂದ. ಇಪ್ಪತ್ತೈದರ ಒಳಗಿನ ಹುಡುಗ. ಕರಪತ್ರ ತೆಗೆದುಕೊಂಡ. ಅಲ್ಲೇ ನಿಂತು ಅದನ್ನು ನಾಲ್ಕು ಮಡಿಕೆ ಮಡಚಿದ, ವಿಐಎಚ್ ಅನ್ನೋ ದೊಡ್ಡ ಅಕ್ಷರ ಒಳಗೆ ಹೋಗುವ ಹಾಗೆ. ಅವರ ಭಾಷೆಯಲ್ಲಿ ಎಚ್‌ಐವಿಗೆ ಹಾಗನ್ನುತ್ತಾರೆ. ಜೇಬಿಗೆ ಇಟ್ಟುಕೊಂಡ. ಕಾರಿನ ತನಕ ಹೋಗಿ, ಒಳಗೆ ಕೂತಿದ್ದವರನ್ನು ನೋಡಿ, ವಾಪಸ್ ಬಂದು ಅದನ್ನು ಟೇಬಲ್ ಮೇಲೆ ಇಟ್ಟು ಗ್ರಾಸಿಯಾಸ್ ಅಂತ ಹೇಳಿ ಹೋದ. ನನ್ನ ಹತ್ತಿರ ಅವನಿಗೆ ಬೇಕಾಗಿದ್ದು ಇತ್ತು. ಕೊಡೋಕೆ ಆಗಲಿಲ್ಲ.

ಯಾರ ಜೊತೆ ಸೇರಬೇಕು? ಚರ್ಚಾ, ಕಾನ್ಸುಲೇಟಾ, ಫುಟ್ಬಾಲ್ ಕ್ಲಬ್ಬಾ, ಕ್ಷೌರದ ಅಂಗಡಿಯಾ? ಮತ್ತೆ ವಲಸೆ ಇಲಾಖೆಯವರ ಭಯ ಇರುವ ಈಗಿನ ಪರಿಸ್ಥಿತಿಯಲ್ಲಿ ವ್ಯಾನ್ ತೆಗೆದುಕೊಂಡು ಹೋಗುವುದು ಸರಿಯಾ?

---

ಪೀಡ್ಮಾಂಟ್ ಕನ್ನಡಿಗ:

ಮೇಡಂ, ನಿಮ್ಮ ರಾಜ್ಯದಲ್ಲೇ ಇದಕ್ಕೆ ಒಂದು ಒಳ್ಳೆ ದಾರಿ ತೋರಿಸಿದ್ದಾರೆ. ವೇಕ್ ಫಾರೆಸ್ಟ್ ಮೆಡಿಕಲ್ ಸ್ಕೂಲಿನ ಸ್ಕಾಟ್ ರೋಡ್ಸ್ ಮತ್ತು ಅವರ ಜೊತೆಗಾರರು ಮಾಡಿದ ಓಂಬ್ರೆಸ್ ಅನ್ನೋ ಕಾರ್ಯಕ್ರಮ ನೋಡಿ. ನಾನು ಪಬ್ಲಿಕ್ ಹೆಲ್ತ್ ಓದುವಾಗ ಇದನ್ನು ಪೂರ್ತಿ ಕೂತು ಓದಿದ್ದೆ.

ಅವರು ಮಾಡಿದ್ದು ಇಷ್ಟು. ಹಳ್ಳಿ ಕಡೆ ಹೊಸದಾಗಿ ಬಂದು ನೆಲೆಸಿದ ಲ್ಯಾಟಿನೋ ಗಂಡಸರು ವಾರವಿಡೀ ದುಡಿದು, ರಜಾ ದಿನ ಸೇರುವ ಜಾಗ ಫುಟ್ಬಾಲ್ ಮೈದಾನ. ಲೀಗ್ ಇದೆ, ಟೀಮ್‌ಗಳಿವೆ, ಒಬ್ಬರಿಗೊಬ್ಬರು ಕೆಲಸ ಹುಡುಕಿಕೊಡುವುದು, ಬಾಡಿಗೆ ಮನೆ ಹುಡುಕಿಕೊಡುವುದು ಎಲ್ಲ ಅಲ್ಲೇ. ಟೀಮಿನೊಳಗಿನ ಒಬ್ಬನನ್ನೇ ಆರಿಸಿ, ಅವನಿಗೆ ತರಬೇತಿ ಕೊಟ್ಟರು. ಅವನಿಗೆ ನಾವೆಗಾಂತೆ ಅಂತ ಹೆಸರು, ಅಂದರೆ ದಾರಿ ತೋರಿಸುವವನು ಅಂತ. ಸುಮಾರು ಒಂದೂವರೆ ವರ್ಷ ಅವನು ತನ್ನ ಟೀಮಿನವರ ಜೊತೆ ಮಾಮೂಲಿ ಮಾತಿನ ನಡುವೆಯೇ ಈ ವಿಷಯ ಮಾತಾಡಿದ, ಕಾಂಡೋಮ್ ಕೊಟ್ಟ, ಟೆಸ್ಟ್ ಎಲ್ಲಿ ಮಾಡಿಸಬೇಕು ಅಂತ ಹೇಳಿದ. ಕಾಂಡೋಮ್ ಬಳಕೆಯೂ ಟೆಸ್ಟ್ ಮಾಡಿಸುವುದೂ ಬೇರೆ ಟೀಮ್‌ಗಳಿಗಿಂತ ಹೆಚ್ಚಾಯಿತು. ಆಗಿನ್ನೂ ಪ್ರೆಪ್ ಬಂದಿರಲಿಲ್ಲ. ಆದರೆ ಮಾತು ಸಾಗುವ ದಾರಿ ಅದೇ ಅಲ್ವಾ.

ಎರಡು ವಿಷಯ ಗಮನಿಸಿ. ಒಂದು, ಕಾರ್ಯಕ್ರಮದ ಹೆಸರಲ್ಲಿ ಎಚ್‌ಐವಿ ಇಲ್ಲ. ಓಂಬ್ರೆಸ್ ಅಂದರೆ ಗಂಡಸರು. ಬಿಡಿಸಿ ಓದಿದರೆ ನೆಮ್ಮದಿ ಮತ್ತು ಒಳ್ಳೆ ಸಂಬಂಧ ಕಾಪಾಡಿಕೊಳ್ಳುವ ಗಂಡಸರು ಅಂತ ಬರುತ್ತದೆ. ನೀವು ಟೇಬಲ್ ಮೇಲೆ ಇಟ್ಟ ಮೊದಲ ಅಕ್ಷರವೇ ವಿಐಎಚ್. ಆ ಹುಡುಗ ಮಡಚಿದ್ದೂ ಅದನ್ನೇ.

ಇನ್ನೊಂದು, ಅದು ಯೂನಿವರ್ಸಿಟಿಯವರು ರೂಮಿನಲ್ಲಿ ಕೂತು ಬರೆದ ಯೋಜನೆ ಅಲ್ಲ. ಲೀಗಿನವರು, ಸ್ಥಳೀಯ ಸಂಸ್ಥೆಯವರು, ಆರೋಗ್ಯ ಇಲಾಖೆಯವರು ಮೊದಲಿನಿಂದ ಜೊತೆಗಿದ್ದರು. ಆಮೇಲೆ ಅದೇ ಬಳಗ ಗೇ ಮತ್ತು ಬೈ ಲ್ಯಾಟಿನೋ ಗಂಡಸರಿಗೆ, ಟ್ರಾನ್ಸ್ ಜನರಿಗೆ ಅಂತ ಓಲಾ ಎನ್ ಗ್ರೂಪೋಸ್ ಅನ್ನೋ ಬೇರೆ ಕಾರ್ಯಕ್ರಮ ಮಾಡಿತು. ಫುಟ್ಬಾಲ್ ಟೀಮಿನಲ್ಲಿ ಎಲ್ಲರಿಗೂ ಎಲ್ಲವನ್ನೂ ಹೇಳಿಕೊಳ್ಳೋಕೆ ಆಗಲ್ಲ, ಎರಡೂ ಬೇಕು.

---

ಹುಬ್ಬಳ್ಳಿ ಟು ಹ್ಯೂಸ್ಟನ್:

ಅಕ್ಕಾ, ನಾನು ಡಾಕ್ಟರೂ ಅಲ್ಲ, ಏನೂ ಅಲ್ಲ. ನಾನು ಗೇ, ಪ್ರೆಪ್ ತೆಗೆದುಕೊಳ್ಳುತ್ತೇನೆ. ಮೊದಲ ಮೂರು ವರ್ಷ ಹೊಂಡುರಾಸ್‌ನ ಒಬ್ಬ, ಎಲ್ ಸಾಲ್ವಡಾರ್‌ನ ಒಬ್ಬ, ನಾನು, ಮೂರು ಜನ ಒಂದೇ ಮನೆಯಲ್ಲಿದ್ದೆವು. ಹಾಗಾಗಿ ನನ್ನ ಮಾತನ್ನೂ ಸ್ವಲ್ಪ ಕೇಳಿ.

ಅವರಲ್ಲಿ ಒಂದು ಮಾತಿದೆ, ಎಲ್ ಕೆ ದಿರಾನ್. ಜನ ಏನಂತಾರೋ ಅಂತ. ಮೊದಲ ಸಲ ಕೇಳಿದಾಗ ನಮ್ಮವ್ವನ ದನಿ ಕೇಳಿದ ಹಾಗಾಯಿತು. ಊರಲ್ಲಿ ನಾನು ಹದಿನೆಂಟು ವರ್ಷ ಕೇಳಿದ್ದೂ ಅದೇ, ಓಣಿಯವರು ಏನಂದಾರು. ನನ್ನ ರೂಮ್‌ಮೇಟ್‌ಗೆ ಭಯ ಇದ್ದದ್ದು ಸೂಜಿಗಲ್ಲ, ಕಾಯಿಲೆಗೂ ಅಲ್ಲ. ಕ್ಲಿನಿಕ್‌ನಲ್ಲಿ ಕೂತಿರುವಾಗ ಊರಿನ ಯಾರೋ ಒಬ್ಬರು ನೋಡಿ, ಆ ಸುದ್ದಿ ವಾಟ್ಸ್ಯಾಪ್‌ನಲ್ಲಿ ಅವನ ತಾಯಿಗೆ ಮುಟ್ಟಿಬಿಟ್ಟರೆ ಅಂತ. ತಿಂಗಳು ತಿಂಗಳು ಅವಳಿಗೆ ದುಡ್ಡು ಕಳಿಸುವ ಮಗ ಅವನು.

ಒಂದು ಸಲ ಒತ್ತಾಯ ಮಾಡಿ ಅವನನ್ನು ಕರೆದುಕೊಂಡು ಹೋದೆ. ಯಾವ ಕ್ಲಿನಿಕ್ ಅಂತ ಹೇಳುವುದಿಲ್ಲ. ಕೌಂಟರಿನಲ್ಲಿದ್ದವರು ಪೂರ್ತಿ ಹಾಲಿಗೆ ಕೇಳುವ ಹಾಗೆ ಅವನ ಹೆಸರು ಕೂಗಿ, ಪ್ರೆಪ್‌ಗೆ ಬಂದಿದ್ದಾ, ಸೋಶಿಯಲ್ ಸೆಕ್ಯೂರಿಟಿ ನಂಬರ್ ಇದೆಯಾ ಅಂತ ಕೇಳಿದರು. ಎರಡೂ ಒಂದೇ ಉಸಿರಿನಲ್ಲಿ. ಕಾಗದಪತ್ರ ಇಲ್ಲದ ವಲಸಿಗರಿಗೆ ಸಿಗದ ಸರ್ಕಾರಿ ನಂಬರ್ ಅದು. ಇವನು ಟಾಯ್ಲೆಟ್‌ಗೆ ಹೋಗಿ ಬರುತ್ತೇನೆ ಅಂದವನು ವಾಪಸ್ ಬರಲಿಲ್ಲ. ನಾನು ಹೊರಗೆ ಬಂದಾಗ ಬಸ್ ಸ್ಟಾಪಿನಲ್ಲಿ ನಿಂತಿದ್ದ. ಆಮೇಲೆ ಆರು ತಿಂಗಳು ಆ ಮಾತೇ ಎತ್ತಲಿಲ್ಲ.

ಕೊನೆಗೆ ಅವನನ್ನು ಕರೆದುಕೊಂಡು ಹೋದವರು ಯಾರು ಗೊತ್ತಾ? ಶನಿವಾರ ರಾತ್ರಿ ಲ್ಯಾಟಿನೋ ಡಾನ್ಸ್ ನಡೆಯುವ ಬಾರಿನಲ್ಲಿ ಹೆಣ್ಣಿನ ವೇಷ ಹಾಕಿ ಹಾಡುವ ಒಬ್ಬ ಹಿರಿಯ. ಅವನು ಹಗಲು ಹೊತ್ತಿನಲ್ಲಿ ಒಂದು ಸಂಸ್ಥೆಯಲ್ಲಿ ಪ್ರೊಮೊತೋರ್ ಕೆಲಸ ಮಾಡುತ್ತಾನೆ, ನಮ್ಮೂರಲ್ಲಿ ಆಶಾ ಕಾರ್ಯಕರ್ತೆ ಇದ್ದಾರಲ್ಲ, ಆ ಥರ ಅಂತಿಟ್ಟುಕೊಳ್ಳಿ. ಅವನು ಪ್ರೆಪ್ ಅನ್ನೋ ಪದ ಎತ್ತಿದ್ದು ಮೂರನೇ ಭೇಟಿಯಲ್ಲಿ. ಮೊದಲು ಕೇಳಿದ್ದು ಊಟ ಆಯ್ತಾ, ಕೆಲಸ ಹೇಗಿದೆ, ತಾಯಿ ಹೇಗಿದ್ದಾರೆ ಅಂತ. ಅವರ ಭಾಷೆಯಲ್ಲಿ ಕೊನ್ಫಿಯಾನ್ಸಾ ಅನ್ನುತ್ತಾರೆ, ನಂಬಿಕೆ. ಅದು ಕೂಡಿದ ಮೇಲೆ ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು.

ಅದಕ್ಕೆ ನಾನು ಹೇಳೋದು, ಜಾಗ ಹುಡುಕೋದಕ್ಕಿಂತ ಮೊದಲು ಮನುಷ್ಯನನ್ನು ಹುಡುಕಿ. ಅವನಿಗೆ ಸರಿಯಾಗಿ ಸಂಬಳ ಕೊಡಿ. ಗಿಫ್ಟ್ ಕಾರ್ಡ್ ಕೊಟ್ಟು ಕಳಿಸಬೇಡಿ.

---

ಔಷಧಿ ಕೌಂಟರ್:

ಫ್ರೆಸ್ನೋದಿಂದ. ಫಾರ್ಮಸಿಸ್ಟ್ ನಾನು. ನಂಬಿಕೆಯ ಮಾತು ನಿಜ, ಆದರೆ ನಂಬಿ ಬಂದವನು ಕಾಗದಪತ್ರದಲ್ಲಿ ಸಿಕ್ಕಿಹಾಕಿಕೊಂಡು ವಾಪಸ್ ಹೋಗೋದನ್ನೂ ನಾನು ದಿನಾ ನೋಡುತ್ತೇನೆ. ಅದಕ್ಕೆ ಆ ಕಡೆಯದನ್ನು ಸ್ವಲ್ಪ ಬರೆಯುತ್ತೇನೆ.

ಮಾತ್ರೆ ಈಗ ದುಬಾರಿ ಅಲ್ಲ. 2021ರಿಂದ ಹಲವು ಕಂಪನಿಗಳ ಜೆನೆರಿಕ್ ಬಂದಿದೆ, ಕೂಪನ್ ಹಾಕಿದರೆ ತಿಂಗಳಿಗೆ 30 ಡಾಲರ್ ಒಳಗೂ ಸಿಗುತ್ತದೆ. ವಿಮೆ ಇದ್ದವರಿಗೆ ಪ್ರೆಪ್ ಪುಕ್ಕಟೆ ಸಿಗಲು ದಾರಿ ಮಾಡಿದ ನಿಯಮವನ್ನು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಉಳಿಸಿತು. ವಿಮೆ ಇಲ್ಲದವನಿಗೆ ಹೊಡೆತ ಬೀಳೋದು ಲ್ಯಾಬಿನಲ್ಲಿ. ಶುರು ಮಾಡುವ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿ ಟೆಸ್ಟ್. ಆಮೇಲೆ ಮೂರು ಮೂರು ತಿಂಗಳಿಗೆ ಎಚ್‌ಐವಿ, ಸಿಫಿಲಿಸ್, ಗೊನೊರಿಯಾ ಅಂತ. ಹೀಗಾಗಿ ನಿಮ್ಮ ಕೈ ಜೋಡಿಸುವ ಪಟ್ಟಿಯಲ್ಲಿ ಒಂದು ಲ್ಯಾಬನ್ನೂ ಕೌಂಟಿ ಆರೋಗ್ಯ ಇಲಾಖೆಯನ್ನೂ ಮೊದಲೇ ಸೇರಿಸಿ. ಆದಾಯ ನೋಡಿ ಫೀಸು ಕಡಿಮೆ ಮಾಡುವ ಕ್ಲಿನಿಕ್ ಆದರೂ ಆದಾಯಕ್ಕೆ ಪುರಾವೆ ಕೇಳುತ್ತಾರೆ. ದಿನಗೂಲಿಯನ್ನು ನಗದು ತೆಗೆದುಕೊಳ್ಳುವವನು ಎಲ್ಲಿಂದ ತರಬೇಕು? ಅವನೇ ಬರೆದು ಸಹಿ ಮಾಡಿದ ಒಂದು ಕಾಗದ ಸಾಕು ಅಂತ ನಿಮ್ಮ ಕ್ಲಿನಿಕ್ ಒಪ್ಪಬೇಕು.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಫಾರ್ಮಸಿಸ್ಟೇ ಡಾಕ್ಟರ ಚೀಟಿ ಇಲ್ಲದೆ ಪ್ರೆಪ್ ಶುರು ಮಾಡಿಕೊಡಬಹುದು. ಮೊದಲು 60 ದಿನದ ಮಿತಿ ಇತ್ತು, ಆಮೇಲೆ ಕಾನೂನನ್ನು ಸಡಿಲ ಮಾಡಿದರು. ಇದರಿಂದ ಆದ ಉಪಯೋಗ ದೊಡ್ಡದು. ಫಾರ್ಮಸಿಗೆ ಬಂದವನನ್ನು ಯಾರೂ ಏನೂ ಅಂದುಕೊಳ್ಳಲ್ಲ. ಕೆಮ್ಮಿಗೆ ಬಂದಿರಬಹುದು, ಅಮ್ಮನ ಬಿಪಿ ಮಾತ್ರೆಗೆ ಬಂದಿರಬಹುದು.

ಒಬ್ಬ ದ್ರಾಕ್ಷಿ ತೋಟದ ಕೆಲಸಗಾರ ನನ್ನ ಹತ್ತಿರ ಬರುತ್ತಾನೆ. ಮೊದಲ ಸಲ ಬಾಟಲಿ ಕೈಗೆ ಕೊಟ್ಟಾಗ ಅಲ್ಲಾಡಿಸಿ ನೋಡಿದ. ಗಲಗಲ ಸದ್ದು. ಏಳು ಜನ ಮಲಗುವ ಕೋಣೆ ಅಂತೆ ಅವನದು. ಖಾಲಿ ವಿಟಮಿನ್ ಡಬ್ಬಕ್ಕೆ ಸುರಿದುಕೊಳ್ಳಲಾ ಅಂತ ಕೇಳಿದ. ಬೇಡ, ಒಳಗಿನ ತೇವ ಹೀರುವ ಪೊಟ್ಟಣ ಈ ಬಾಟಲಿಯಲ್ಲೇ ಇರಬೇಕು ಅಂತ ಹೇಳಿ, ಬಾಯಿಗೆ ಸ್ವಲ್ಪ ಹತ್ತಿ ತುರುಕಿ, ಚೀಟಿ ಮುಚ್ಚುವ ಹಾಗೆ ಬಿಳಿ ಟೇಪ್ ಸುತ್ತಿಕೊಟ್ಟೆ. ಈಗ ಪ್ರತಿ ಸಲ ಅವನು ಕೇಳುವ ಮುಂಚೆಯೇ ಸುತ್ತಿ ಇಟ್ಟಿರುತ್ತೇನೆ.

ಇಂಥವರಿಗೆ ಇಂಜೆಕ್ಷನ್ ವರ. ಎರಡು ತಿಂಗಳಿಗೊಮ್ಮೆ ಕೊಡುವುದು 2021ರ ಡಿಸೆಂಬರಿನಲ್ಲಿ ಬಂತು. ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಪಾವಿರ್‌ಗೆ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬಾಟಲಿ ಇಲ್ಲ, ಸದ್ದಿಲ್ಲ, ಬೆಳೆ ಹಿಂದೆ ಊರೂರು ಸುತ್ತುವವನಿಗೆ ವರ್ಷಕ್ಕೆ ಎರಡೇ ಸಲ. ಆದರೆ ಪಟ್ಟಿ ಬೆಲೆ ವರ್ಷಕ್ಕೆ 28,218 ಡಾಲರ್. ಕಂಪನಿಯವರ ಸಹಾಯ ಯೋಜನೆಗೆ ಅರ್ಜಿ ತುಂಬೋಕೆ ಗೊತ್ತಿರುವ ಒಬ್ಬ ನ್ಯಾವಿಗೇಟರ್ ನಿಮ್ಮಲ್ಲಿ ಇಲ್ಲ ಅಂದರೆ ಇದರ ಆಸೆ ತೋರಿಸಲೇಬೇಡಿ. ಆಸೆ ತೋರಿಸಿ ಕೈಬಿಟ್ಟರೆ ಅವನು ಮತ್ತೆ ಬರಲ್ಲ.

---

ದುಭಾಷಿ:

ಚಿಕ್ಕದಾಗಿ ಹೇಳುತ್ತೇನೆ. ನಾನು ಸ್ಪ್ಯಾನಿಷ್ ದುಭಾಷಿ, ಆಸ್ಪತ್ರೆಗಳಿಗೆ ಫೋನಿನಲ್ಲಿ ಅನುವಾದ ಮಾಡುತ್ತೇನೆ. ಲ್ಯಾಟಿನೋ ಅಂದ ತಕ್ಷಣ ಸ್ಪ್ಯಾನಿಷ್ ಅಂದುಕೊಳ್ಳಬೇಡಿ. ಗ್ವಾಟೆಮಾಲಾದಿಂದ ಬಂದವರಲ್ಲಿ ಮಾಮ್, ಕಿಚೆ ಮಾತಾಡುವವರು ಬಹಳ ಇದ್ದಾರೆ, ಮೆಕ್ಸಿಕೋದ ದಕ್ಷಿಣದಿಂದ ಬಂದವರಲ್ಲಿ ಮಿಶ್ತೆಕೋ. ಅವರು ಸಿ, ಸಿ ಅಂತ ತಲೆ ಆಡಿಸುತ್ತಾರೆ, ಅರ್ಧ ಅರ್ಥ ಆಗಿರುವುದಿಲ್ಲ. ಕೊಡವ ತಕ್ಕ್ ಮಾತ್ರ ಬರುವ ಅಜ್ಜಿಗೆ ಹಿಂದಿ ಕರಪತ್ರ ಕೊಟ್ಟ ಹಾಗೆ. ಅಕ್ಷರಕ್ಕಿಂತ ಒಂದು ನಿಮಿಷದ ಧ್ವನಿ ಸಂದೇಶ ಮಾಡಿಸಿ, ವಾಟ್ಸ್ಯಾಪ್‌ನಲ್ಲಿ ಅದೇ ಓಡುತ್ತದೆ.

ಕರಪತ್ರದಲ್ಲಿ ತೂ ಇದೆಯಾ ಉಸ್ತೇದ್ ಇದೆಯಾ ನೋಡಿ. ತೂ ಅಂದರೆ ನೀನು. ಮಧ್ಯ ಅಮೆರಿಕದ ನಲವತ್ತು ದಾಟಿದ ಗಂಡಸಿಗೆ ಗುರುತಿಲ್ಲದವರು ನೀನು ಅಂದರೆ ಒಂಥರಾ ಆಗುತ್ತದೆ, ನಮಗೆ ಆಗುವ ಹಾಗೆಯೇ.

ಚರ್ಚನ್ನು ಪೂರ್ತಿ ಬಿಡಬೇಡಿ. ಅಲ್ಲಿ ಪ್ರೆಪ್ ಟೇಬಲ್ ಬೇಡ. ಶುಗರ್, ಬಿಪಿ ನೋಡಿ, ರಕ್ತ ತೆಗೆಯುವಾಗ ಎಚ್‌ಐವಿ ಟೆಸ್ಟೂ ಮಾಡಲಾ ಅಂತ ಎಲ್ಲರನ್ನೂ ಕೇಳಿ. ಎಲ್ಲರನ್ನೂ ಕೇಳಿದರೆ ಯಾರ ಮೇಲೂ ಬೆರಳು ಮಾಡಿದ ಹಾಗಾಗಲ್ಲ. ಮೆಕ್ಸಿಕೋದ ಕಾನ್ಸುಲೇಟ್‌ಗಳಲ್ಲಿ ವೆಂತಾನಿಯಾ ದೆ ಸಲೂದ್ ಅಂತ ಆರೋಗ್ಯದ ಕಿಟಕಿ ಇರುತ್ತದೆ, ಪಾಸ್‌ಪೋರ್ಟ್‌ಗೆ ಕಾಯುವವರಿಗೆ ಅಲ್ಲೇ ಮಾಹಿತಿ, ಟೆಸ್ಟ್. ನಿಮಗೆ ಹತ್ತಿರದ್ದು ರಾಲಿಯಲ್ಲಿದೆ. ಅವರು ಮೊಬೈಲ್ ಕಾನ್ಸುಲೇಟ್ ಶಾರ್ಲೆಟ್ ಕಡೆ ತಂದಾಗ ಜೊತೆಗೆ ಕೂರೋಕೆ ಆಗುತ್ತದಾ ಅಂತ ಕೇಳಿ ನೋಡಿ.

ವ್ಯಾನ್ ವಿಷಯ. ಚರ್ಚು, ಆಸ್ಪತ್ರೆ, ಸ್ಕೂಲಿನ ಹತ್ತಿರ ವಲಸೆ ಇಲಾಖೆಯವರು ಸಾಮಾನ್ಯವಾಗಿ ಕೈ ಹಾಕಬಾರದು ಅಂತ ಇದ್ದ ನೀತಿಯನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು. ಅಂದಿನಿಂದ ಬಿಳಿ ವ್ಯಾನ್ ಒಂದು ಕಡೆ ನಿಂತಿದ್ದರೆ ಜನ ರಸ್ತೆ ಬದಲಿಸುತ್ತಾರೆ. ಒಳಗೆ ಎಷ್ಟೇ ಒಳ್ಳೆಯವರು ಕೂತಿದ್ದರೂ ಹೊರಗೆ ನಿಂತವನಿಗೆ ಅದು ಗೊತ್ತಾಗಲ್ಲ.

---

ಚಾಮುಂಡಿಪುರಂ:

ತುಂಗಾತೀರ ಅವರೇ, ನಾನು ಮೈಸೂರಿನಲ್ಲಿದ್ದೇನೆ, ಈಗ ನಿವೃತ್ತ. ಒಂದು ಸರ್ಕಾರಿ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡುವ ಕೇಂದ್ರದಲ್ಲಿ, ಕೌನ್ಸೆಲರ್ ಆಗಿದ್ದೆ. ನಿಮ್ಮ ದೇಶ ಬೇರೆ, ಜನ ಬೇರೆ, ಆದರೂ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

2004ರಲ್ಲಿ ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರ ನಡುವೆ ಎಚ್‌ಐವಿ ತಡೆಯುವ ಕೆಲಸ ಶುರುವಾಯಿತು. ಗೇಟ್ಸ್ ಫೌಂಡೇಶನ್ನಿನ ಆವಾಹನ್ ಅನ್ನೋ ಯೋಜನೆಯ ದುಡ್ಡು, ಮನಿಟೋಬಾ ಯೂನಿವರ್ಸಿಟಿಯವರ ಪ್ರಾಜೆಕ್ಟು. ಅದರಿಂದ ಆಶೋದಯ ಸಮಿತಿ ಹುಟ್ಟಿತು. ಹೆಂಗಸರು, ಗಂಡಸರು, ಟ್ರಾನ್ಸ್ ಜನ, ಎಲ್ಲ ಸೇರಿ ತಾವೇ ನಡೆಸುವ ಸಂಸ್ಥೆ. ಊರಿನ ನಕ್ಷೆ ಬರೆದವರೂ ಅವರೇ. ಯಾವ ಬಸ್ ಸ್ಟ್ಯಾಂಡ್, ಯಾವ ಪಾರ್ಕು, ಎಷ್ಟು ಹೊತ್ತಿಗೆ ಎಷ್ಟು ಜನ, ಪೊಲೀಸರು ಯಾವಾಗ ಬರುತ್ತಾರೆ, ಇದೆಲ್ಲ ನಮ್ಮ ರಿಜಿಸ್ಟರಿನಲ್ಲಿ ಎಲ್ಲಿತ್ತು? ನಾವು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದು ಸಂಜೆ ಐದಕ್ಕೆ ಮುಚ್ಚುತ್ತಿದ್ದೆವು. ಬರಬೇಕಾದವರು ಏಳುತ್ತಿದ್ದದ್ದೇ ಮಧ್ಯಾಹ್ನ. ಇದನ್ನು ನಮಗೆ ಹೇಳಿದವಳು ಒಬ್ಬ ಪಿಯರ್ ಎಜುಕೇಟರ್, ಅಂದರೆ ಅವರ ನಡುವಿನಿಂದಲೇ ಬಂದು ಅವರಿಗೆ ತಿಳಿಹೇಳುವವಳು. ಮೀಟಿಂಗಿನಲ್ಲಿ ಅವಳು ಎದ್ದು ನಿಂತು ಹೇಳಿದಾಗ ನನ್ನ ಮೇಲಿನವರಿಗೆ ಕೋಪ ಬಂತು. ಸಮಯ ಬದಲಿಸೋಕೆ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ಬರದೆ ಹೋದವರ ಲೆಕ್ಕ ಯಾರ ಹತ್ತಿರವೂ ಇಲ್ಲ. ನನಗೆ ಈಗಲೂ ಅದು ಮನಸ್ಸಿನಲ್ಲಿದೆ.

ನಮ್ಮಲ್ಲಿ 60 ಜನಕ್ಕೆ ಒಬ್ಬ ಪಿಯರ್ ಅಂತ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯವರ ಲೆಕ್ಕ. ಒಬ್ಬನ ಮೇಲೆ ಊರಿನ ಭಾರ ಹೊರಿಸಬೇಡಿ ಅಂತ ಅದರ ಅರ್ಥ. ನೀವು ಒಬ್ಬ ಫುಟ್ಬಾಲ್ ಆಟಗಾರನನ್ನು ಹಿಡಿದು ನಾಲ್ಕು ಕೌಂಟಿ ಸುತ್ತಿಸಬೇಡಿ.

ಮತ್ತೆ ಪಾಲುದಾರಿಕೆ ಅಂದರೆ ಅವರ ಜಾಗದಲ್ಲಿ ನಿಮ್ಮ ಟೇಬಲ್ ಹಾಕುವುದಲ್ಲ. ದುಡ್ಡು ಯಾವುದಕ್ಕೆ ಖರ್ಚಾಗಬೇಕು ಅಂತ ತೀರ್ಮಾನ ಮಾಡುವ ಕಡೆ ಅವರು ಕೂರಬೇಕು. ಟೀ ಶರ್ಟ್ ಬೇಡ, ಸಂಜೆ ಏಳರ ನಂತರ ಒಬ್ಬ ನರ್ಸ್ ಬೇಕು ಅಂತ ಅವರು ಹೇಳಿದರೆ, ನಿಮ್ಮ ಬಜೆಟ್ಟಿನಲ್ಲಿ ಆ ಸಾಲು ಹೊಡೆದುಹಾಕಿ ಇದನ್ನು ಬರೆಯೋಕೆ ಆಗುತ್ತದಾ? ಅದು ಆಗಲ್ಲ ಅಂದರೆ ಅವರನ್ನು ಸುಮ್ನೆ ಕರೆಯಬೇಡಿ.

---

ತುಂಗಾತೀರ:

ಮೂರು ವಾರ ಆಯಿತು, ಬರೆಯೋಕೆ ತಡ ಆಯಿತು. ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಇಂಗ್ಲಿಷ್‌ಗೆ ಬರೆದು ನಮ್ಮ ಮೀಟಿಂಗಿಗೆ ತೆಗೆದುಕೊಂಡು ಹೋಗಿದ್ದೆ.

ವ್ಯಾನ್ ತೆಗೆದುಕೊಂಡು ಹೋಗುವುದನ್ನು ಬಿಟ್ಟಿದ್ದೇವೆ. ಎರಡು ಭಾನುವಾರ ಫುಟ್ಬಾಲ್ ಮೈದಾನಕ್ಕೆ ಹೋಗಿದ್ದೆ, ಕೈಯಲ್ಲಿ ಏನೂ ಇಲ್ಲದೆ. ಅಲ್ಲಿ ಗೆರೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಪುಪೂಸಾ ಮಾರುತ್ತಾರೆ, ನಮ್ಮ ಅಕ್ಕಿರೊಟ್ಟಿಯೊಳಗೆ ಹೂರಣ ಇಟ್ಟ ಹಾಗಿರುತ್ತದೆ, ಜೊತೆಗೆ ಹುಳಿ ಬಂದ ಎಲೆಕೋಸು. ಎಲ್ಲ ಟೀಮಿನವರಿಗೂ ಅವರು ದೋನ್ಯಾ, ಅಂದರೆ ಅಮ್ಮಾವ್ರು ಅಂದ ಹಾಗೆ. ಎರಡನೇ ವಾರ ಅವರೇ ಕೇಳಿದರು, ನೀವು ಚರ್ಚ್ ಹೊರಗೆ ಟೇಬಲ್ ಹಾಕಿದ್ದವರಲ್ವಾ ಅಂತ. ಹೌದು ಅಂದೆ. ಅಲ್ಲಿಗೆ ಯಾಕೆ ಹೋದಿರಿ, ಅಲ್ಲಿ ಹೆಂಡತಿ ಮಕ್ಕಳು ಅತ್ತೆ ಎಲ್ಲರೂ ಇರುತ್ತಾರೆ ಅಂದರು. ನಾಲ್ಕು ತಿಂಗಳಲ್ಲಿ ನಮ್ಮ ಕ್ಲಿನಿಕ್‌ನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿರಲಿಲ್ಲ.

ಅವರು ಮೂರು ಹೆಸರು ಕೊಟ್ಟಿದ್ದಾರೆ. ಒಬ್ಬ ರೆಫರಿ, ಒಬ್ಬ ಗೋಲ್‌ಕೀಪರ್, ಇನ್ನೊಬ್ಬ ತಲೆಗೂದಲು ಕತ್ತರಿಸುವ ಹುಡುಗ, ಅವನು ಗೇ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ಮೂವರಿಗೂ ಗಂಟೆ ಲೆಕ್ಕದಲ್ಲಿ ಸಂಬಳ ಬೇಕು ಅಂತ ಕೇಳಿದ್ದೇನೆ. ಬಜೆಟ್ ನೋಡುವವರು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಗುರುವಾರ ಸಂಜೆ ಒಂಬತ್ತರವರೆಗೆ ಕ್ಲಿನಿಕ್ ತೆರೆಯೋಕೆ ಒಪ್ಪಿದ್ದಾರೆ. ಕೌಂಟರಿನಲ್ಲಿ ಹೆಸರು ಕೂಗುವುದನ್ನು ನಿಲ್ಲಿಸಿ ನಂಬರ್ ಚೀಟಿ ಕೊಡುತ್ತಿದ್ದೇವೆ, ಹುಬ್ಬಳ್ಳಿಯವರಿಗೆ ಥ್ಯಾಂಕ್ಸ್.

ಈಗ ಒಂದು ಸಹಾಯ ಬೇಕು. ಲೀಗಿನವರು ಒಂದು ಒಪ್ಪಂದದ ಕಾಗದ ಕೇಳುತ್ತಿದ್ದಾರೆ. ಆಟಗಾರರ ಹೆಸರು, ವಿಳಾಸ ಯಾರಿಗೂ ಹೋಗಬಾರದು, ಬೇಡ ಅನ್ನಿಸಿದ ದಿನ ಲೀಗ್ ಹೊರಗೆ ಬರಬಹುದು ಅಂತ ಅದರಲ್ಲಿ ಇರಬೇಕಂತೆ. ನಮ್ಮ ವಕೀಲರು ಬರೆದದ್ದು ಹದಿನಾಲ್ಕು ಪುಟ. ಯಾರ ಹತ್ತಿರವಾದರೂ ಒಂದು ಪುಟದ್ದು ಇದೆಯಾ?

---

ಚಾಮುಂಡಿಪುರಂ:

ನಮ್ಮ ಡ್ರಾಪ್ ಇನ್ ಸೆಂಟರಿನವರು ಗೋಡೆಗೆ ಅಂಟಿಸಿದ್ದ ಒಂದು ಕಾಗದದ ಫೋಟೋ ಹಳೇ ಫೋನಿನಲ್ಲಿ ಇರಬೇಕು. ಏಳೋ ಎಂಟೋ ಸಾಲು, ಕನ್ನಡದಲ್ಲಿ, ಅವರೇ ಕೂತು ಬರೆದದ್ದು. ನಾಳೆ ಹುಡುಕಿ ಕಳಿಸುತ್ತೇನೆ. ನೀವು ಅದನ್ನು ಅನುವಾದ ಮಾಡಿ ಕೊಡಬೇಡಿ, ಆ ಮೂವರಿಗೆ ಓದಿ ಹೇಳಿ. ಅವರದನ್ನು ಅವರೇ ಬರೆದುಕೊಳ್ಳಲಿ, ಆಮೇಲೆ ವಕೀಲರಿಗೆ ತೋರಿಸಿ.